ಹಿಮದ ಪಂಚಾಂಗ

ಆಕಾಶದಿಂದ ಇಳಿದುಬರುವ ತಂಪಿಗೆ ನಮ್ಮ ಕನ್ನಡದಲ್ಲಿ ಹೆಸರುಗಳು ಕಡಮೆಯೇನಿಲ್ಲ. ಬೆಳಗಿನ ಹುಲ್ಲಿನ ಮೇಲೆ ಕೂರುವುದು ಇಬ್ಬನಿ. ದಾರಿ ಕಾಣದಂತೆ ಕವಿಯುವುದು ಕಾವಳ. ಬೇಸಗೆಯ ಮಳೆಯೊಡನೆ ಹೆಂಚಿನ ಮೇಲೆ ಬಡಿಯುವುದು ಆಲಿಕಲ್ಲು. ಆದರೆ ಹಿಂಜಿದ ಹತ್ತಿಯಂತೆ ಸದ್ದಿಲ್ಲದೆ ಬಿದ್ದು, ನೆಲದ ಮೇಲೆ ಮೊಣಕಾಲೆತ್ತರ ಕೂಡಿಕೊಳ್ಳುವ ಆ ಬಿಳಿಯ ವಸ್ತುವಿಗೆ ಆಡುಮಾತಿನಲ್ಲಿ ಬೇರೆ ಹೆಸರಿಲ್ಲ. ಮಡಿಕೇರಿಯ ಬೆಟ್ಟದ ಮೇಲೆ ತೇಲುವುದನ್ನೂ ಮಂಜು ಎನ್ನುತ್ತೇವೆ, ಕಾಶ್ಮೀರದಲ್ಲಿ ಮನೆಯ ಮಾಡನ್ನು ಮುಚ್ಚುವುದನ್ನೂ ಮಂಜು ಎನ್ನುತ್ತೇವೆ. ಬರೆಯುವಾಗ ಮಾತ್ರ ಸಂಸ್ಕೃತದಿಂದ ಹಿಮವನ್ನು ತಂದುಕೊಳ್ಳುತ್ತೇವೆ. ಇದರಲ್ಲಿ ನಾಚಿಕೆಪಡಬೇಕಾದ್ದು ಏನೂ ಇಲ್ಲ. ಬೆಂಗಳೂರಿನಲ್ಲಿ ದಾಖಲಾಗಿರುವ ಅತ್ಯಂತ ಕಡಮೆ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಅಂಗಳಕ್ಕೆ ಬಾರದ ಅತಿಥಿಗೆ ನಾಲಿಗೆ ಹೆಸರು ಹುಡುಕುವುದಿಲ್ಲ.

ಈಗ ಕಾಲ ಬದಲಾಗಿದೆ. ಅತಿಥಿ ಬಾರದಿದ್ದರೆ ನಾವೇ ಅವನ ಮನೆಗೆ ಹೋಗುತ್ತೇವೆ. ನಾನು ವಾಸವಾಗಿರುವ ವೈಟ್‌ಫೀಲ್ಡಿನಲ್ಲಿ, ಅತ್ತ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ದೀಪಾವಳಿಯ ಹಣತೆ ಆರುತ್ತಿರುವಂತೆಯೇ ಒಂದು ಪ್ರಶ್ನೆ ಲಿಫ್ಟಿನೊಳಗೂ ಉದ್ಯಾನದ ಕಲ್ಲುಬೆಂಚಿನ ಮೇಲೂ ಕೇಳಿಬರುತ್ತದೆ: ‘ಈ ಚಳಿಗಾಲಕ್ಕೆ ಸ್ಕೀಯಿಂಗಿಗೆ ಎಲ್ಲಿಗೆ?’ ಕಾಲಿಗೆ ಎರಡು ಉದ್ದನೆಯ ಹಲಗೆಗಳನ್ನು ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಈ ಆಟಕ್ಕೆ ಪತ್ರಿಕೆಗಳು ಕೆಲವೊಮ್ಮೆ ಹಿಮಜಾರಾಟ ಎಂದು ಹೆಸರಿಡುತ್ತವೆ. ಆಡುವವರ ಬಾಯಲ್ಲಿ ಅದು ಸ್ಕೀಯಿಂಗೇ; ನಾನೂ ಹಾಗೆಯೇ ಹೇಳುತ್ತೇನೆ. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಈ ವಿಷಯದಲ್ಲಿ ಏನು ಅಧಿಕಾರ ಎಂದು ತಾವು ಕೇಳಬಹುದು. ಜಾರುವ ವಿದ್ಯೆಯ ಬಗ್ಗೆ ನನಗೆ ಅಧಿಕಾರವಿಲ್ಲ. ಆದರೆ ಋತುಗಳ ಬಗ್ಗೆ ನಲವತ್ತು ವರ್ಷ ಮಾತಾಡಿದವನು ನಾನು. ಈ ಪ್ರಶ್ನೆ ಬಹುಮಟ್ಟಿಗೆ ಋತುವಿನ ಪ್ರಶ್ನೆಯೆಂದು ನನಗೆ ತೋರಿದೆ. ಆದ್ದರಿಂದ ಈ ಮಾತು.

ಕಳೆದ ವಾರ ನಮ್ಮ ವಠಾರದ ಮೇಲಿನ ಅಂತಸ್ತಿನ ದಂಪತಿ ಬಂದಿದ್ದರು. ಗಂಡ ಹಾಸನದ ಕಡೆಯವರು, ಹೆಂಡತಿ ಧಾರವಾಡದವರು, ಇಬ್ಬರೂ ತಂತ್ರಾಂಶದ ಕೆಲಸದವರು. “ಸಾರ್, ಗುಲ್ಮಾರ್ಗೋ ಔಲಿಯೋ, ಒಂದು ನಿಶ್ಚಯ ಮಾಡಿಕೊಡಿ” ಎಂದರು ಆತ. ಯಾವಾಗ ಹೋಗುತ್ತೀರಿ ಎಂದು ಕೇಳಿದೆ. “ಡಿಸೆಂಬರ್ 24ಕ್ಕೆ ಆಫೀಸು ಮುಚ್ಚುತ್ತೆ. ಜನವರಿ ಒಂದಕ್ಕೆ ವಾಪಸ್ಸು.” ಏತಕ್ಕೆ ಎಂದು ಕೇಳಿದೆ. ಆಕೆ ಹೇಳಿದರು: “ಮಗಳಿಗೆ ಸ್ಕೀಯಿಂಗ್ ಕಲಿಸಬೇಕ್ರಿ ಸರ್. ನಾಲ್ಕು ದಿನ ಸಾಕಲ್ರಿ?” ಅವರು ಊರುಗಳ ಹೆಸರು ಕೇಳಿದ್ದರು, ನಾನು ದಿನಾಂಕ ಕೇಳಿದೆ. ಇಂದಿನ ನನ್ನ ಮಾತೆಲ್ಲ ಆ ದಿನಾಂಕದ ಸುತ್ತಲೇ ಇದೆ.

ಡಿಸೆಂಬರ್ 24 ಎಂಬುದು ಎಲ್ಲಿಂದ ಬಂತು? ನಗರದ ಇನ್ನೊಂದು ಅಂಚಿನ ಪೀಣ್ಯದಲ್ಲಿ ಸಣ್ಣ ಕಾರ್ಖಾನೆಗಳ ವರ್ಷ ತಿರುಗುವುದು ಆಯುಧಪೂಜೆಯಂದು. ಲೇತಿಗೆ ಕುಂಕುಮವಿಟ್ಟು, ಬೂದುಗುಂಬಳ ಒಡೆದು, ಕೆಲಸಗಾರರು ಊರಿನ ಬಸ್ಸು ಹತ್ತುತ್ತಾರೆ. ಎಲೆಕ್ಟ್ರಾನಿಕ್ ಸಿಟಿಯ ವರ್ಷ ತಿರುಗುವುದು ಕ್ರಿಸ್‌ಮಸ್ಸಿಗೆ. ಏಕೆಂದರೆ ಕೆಲಸ ಕೊಡುವ ಗ್ರಾಹಕರು ಅಮೆರಿಕದಲ್ಲಿದ್ದಾರೆ, ಯೂರೋಪಿನಲ್ಲಿದ್ದಾರೆ. ಅವರು ಆ ವಾರ ಕದ ಹಾಕಿಕೊಂಡರೆ ಇಲ್ಲಿ ಕೆಲಸ ತಾನಾಗಿ ಸಡಿಲಗೊಳ್ಳುತ್ತದೆ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಗಲ್ಲು ಹಾಕಿದಾಗ, ಆ ಊರುಗಳ ರಜೆಯ ಪಂಚಾಂಗವೂ ಒಂದು ದಿನ ಬದಲಾದೀತೆಂದು ಯಾರು ನೆನೆದಿದ್ದರು? ನಾನು ಇದನ್ನು ದೂರಾಗಿ ಹೇಳುತ್ತಿಲ್ಲ. ಅನ್ನ ಕೊಡುವ ಕೆಲಸದ ಲಯಕ್ಕೆ ಬದುಕು ಹೊಂದಿಕೊಳ್ಳುವುದು ಸಹಜ. ಹಿಮ ಮಾತ್ರ ನಮ್ಮ ಗ್ರಾಹಕರ ಪಂಚಾಂಗವನ್ನು ಒಪ್ಪುವುದಿಲ್ಲ.

ನಮ್ಮ ಆರು ಋತುಗಳಲ್ಲಿ ಮಾರ್ಗಶಿರ, ಪುಷ್ಯಗಳು ಹೇಮಂತ. ಮಾಘ, ಫಾಲ್ಗುಣಗಳು ಶಿಶಿರ. ಹೇಮಂತವೆಂಬ ಮಾತು ಹಿಮದ ಬಂಧುವೇ. ಆದರೂ ಜಾರುವಷ್ಟು ಹಿಮ ಹಾಸಿರುವುದು ಹೇಮಂತದ ಕೊನೆಯಿಂದ ಶಿಶಿರದ ನಡುವಿನವರೆಗೆ. ನಮ್ಮ ರಜೆ ಹೇಮಂತದಲ್ಲಿ, ಹಿಮ ಶಿಶಿರದಲ್ಲಿ. ಇದು ಹೀಗಾಗಲು ಕಾರಣವಿದೆ. ನಮ್ಮ ಮುಂಗಾರು ಅರಬ್ಬೀ ಸಮುದ್ರದಿಂದ ಬಂದರೆ, ಹಿಮಾಲಯದ ಚಳಿಗಾಲದ ಹಿಮ ಪಡುವಲಿನಿಂದ, ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಸಾಗಿ ಬರುವ ವಾಯುಕ್ಷೋಭೆಗಳ ಕೊಡುಗೆ. ಹವಾಮಾನ ಶಾಸ್ತ್ರಜ್ಞರು ಅವನ್ನು ಪಶ್ಚಿಮದ ಕ್ಷೋಭೆಗಳು ಎನ್ನುತ್ತಾರೆ. ಡಿಸೆಂಬರಿನಿಂದ ಮಾರ್ಚಿಯವರೆಗೆ ಅವು ಒಂದರ ಹಿಂದೊಂದು ಬರುತ್ತವೆ. ಮೊದಲು ಬಂದ ಹಿಮ ಇನ್ನೂ ಬಿಸಿಯಾರದ ನೆಲದ ಮೇಲೆ ಬಿದ್ದು ಕರಗುತ್ತದೆ, ಎರಡನೆಯದು ನಿಲ್ಲುತ್ತದೆ, ಮೂರು ನಾಲ್ಕು ಬಂದ ಮೇಲೆ ಕಲ್ಲು, ಪೊದೆ, ಬೇಲಿಗಳನ್ನು ಮುಚ್ಚುವ ಹಾಸು ಸಿದ್ಧವಾಗುತ್ತದೆ. ಕಲಿಯುವವರಿಗೆ ಬೇಕಾದ್ದು ಆ ಹಾಸು. ತೆಳುವಾದ ಹಿಮದ ಕೆಳಗೆ ಕಲ್ಲಿದ್ದರೆ ಹಲಗೆಯೂ ಮುರಿಯುತ್ತದೆ, ಕಾಲೂ ಮುರಿಯುತ್ತದೆ.

ಕಾಶ್ಮೀರದ ಜನ ಈ ಕಾಲವನ್ನು ಎಷ್ಟು ನಿಖರವಾಗಿ ಅಳೆದಿದ್ದಾರೆ ನೋಡಿ. ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲೈ ಕಲಾನ್. ಆಮೇಲೆ ಇಪ್ಪತ್ತು ದಿನ ಚಿಲ್ಲೈ ಖುರ್ದ್. ಕೊನೆಗೆ ಹತ್ತು ದಿನ ಚಿಲ್ಲೈ ಬಚ್ಚಾ. ದೊಡ್ಡ ಚಳಿ, ಸಣ್ಣ ಚಳಿ, ಮರಿಚಳಿ. ಖುರ್ದ ಎಂದರೆ ಚಿಕ್ಕದು ಎಂಬುದು ನಮ್ಮ ಬೆಳಗಾವಿ, ಕಲಬುರಗಿ ಕಡೆಯ ಊರಿನ ಹೆಸರುಗಳನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಚಿಲ್ಲೈ ಕಲಾನಿನಲ್ಲಿ ಬಿದ್ದ ಹಿಮ ಗಟ್ಟಿಯಾಗಿ ಉಳಿದು ಬೇಸಗೆಯಲ್ಲಿ ತೊರೆಗಳಿಗೆ ನೀರಾಗುತ್ತದೆ. ತಡವಾಗಿ ಬಿದ್ದದ್ದು ಬೇಗನೆ ಕರಗಿ ಹೋಗುತ್ತದೆ ಎಂಬುದು ಅವರ ಅನುಭವ. ನಮ್ಮ ರೈತರು ರೋಹಿಣಿ, ಮೃಗಶಿರ, ಆರಿದ್ರೆ, ಪುನರ್ವಸು ಎಂದು ಹದಿಮೂರು ಹದಿನಾಲ್ಕು ದಿನಗಳ ಮಳೆಗಳನ್ನು ಎಣಿಸುವಂತೆಯೇ ಇದು. ಆರಿದ್ರೆ ಮಳೆಯ ಬಿತ್ತನೆಯನ್ನು ರಜೆ ಸಿಕ್ಕಿತೆಂದು ಭರಣಿಯಲ್ಲಿ ಮಾಡುವ ರೈತನನ್ನು ನಾವು ಕಂಡಿಲ್ಲ. ಆದರೆ ಚಿಲ್ಲೈ ಕಲಾನ್ ಆರಂಭವಾದ ನಾಲ್ಕನೆಯ ದಿನಕ್ಕೆ ವಿಮಾನ ಹತ್ತುತ್ತೇವೆ. ಹಿಮ ಕಾಣದಿದ್ದರೆ ಬೆಟ್ಟದ ಮೇಲೆ ಮುನಿಸಿಕೊಳ್ಳುತ್ತೇವೆ.

ಇನ್ನು ಊರುಗಳ ವಿಚಾರ. ಒಂದು ಜಾಗದಲ್ಲಿ ಹಿಮ ನಿಲ್ಲುವುದೋ ಇಲ್ಲವೋ ಎಂಬುದನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆ: ಅದು ಎಷ್ಟು ಉತ್ತರಕ್ಕಿದೆ, ಎಷ್ಟು ಎತ್ತರದಲ್ಲಿದೆ ಎಂಬುದು. ಆಲ್ಪ್ಸ್ ಪರ್ವತಗಳಿರುವುದು 46 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಗುಲ್ಮಾರ್ಗ್ 34ರಲ್ಲಿ, ಮನಾಲಿ 32ರಲ್ಲಿ, ಔಲಿ ಮೂವತ್ತೂವರೆಯಲ್ಲಿ. ದಕ್ಷಿಣಕ್ಕೆ ಬಂದಷ್ಟೂ ಬಿಸಿಲು ಚುರುಕಾಗುತ್ತದೆ. ಆ ಕೊರತೆಯನ್ನು ಎತ್ತರವೇ ತುಂಬಿಕೊಡಬೇಕು.

ಗುಲ್ಮಾರ್ಗಿನ ಹುಲ್ಲುಗಾವಲು ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಏಳುನೂರು ಮೀಟರಿನಷ್ಟು ಮೇಲೆ. ಅಲ್ಲಿಂದ ಗೊಂಡೊಲಾ ಎಂಬ ತೂಗುಬಂಡಿ ಎರಡು ಹಂತಗಳಲ್ಲಿ ಏರುತ್ತದೆ. ಮೊದಲ ಹಂತ 1998ರಲ್ಲಿ ಆರಂಭವಾಯಿತು, ಎರಡನೆಯದು 2005ರಲ್ಲಿ. ಆ ಎರಡನೆಯ ಹಂತ ಅಫರ್ವಟ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರಿನವರೆಗೆ ಒಯ್ಯುತ್ತದೆ. ಕೆಳಗಿನ ಹುಲ್ಲುಗಾವಲು ಬಯಲಾಗಿದ್ದಾಗಲೂ ಮೇಲೆ ಹಿಮ ಸಿಗುವ ಸಂಭವವಿರುವುದು ಈ ಎತ್ತರದಿಂದ. ಆದರೆ ಆ ಮೇಲಿನ ಇಳಿಜಾರು ನುರಿತವರದು. ಕಲಿಯುವವರ ಮೆಲ್ಲನೆಯ ಇಳಿಜಾರುಗಳು ಕೆಳಗಿನ ಹುಲ್ಲುಗಾವಲಿನಲ್ಲೇ ಇವೆ. ಮೊದಲು ಬರಿದಾಗುವುದೂ ಅವೇ. 2024ರ ಜನವರಿಯಲ್ಲಿ ಗುಲ್ಮಾರ್ಗಿನ ಬಯಲು ಕಂದುಬಣ್ಣಕ್ಕೆ ತಿರುಗಿದ್ದ ಚಿತ್ರಗಳನ್ನು ಪತ್ರಿಕೆಗಳಲ್ಲಿ ತಾವೂ ನೋಡಿರಬಹುದು. 2025ರ ಫೆಬ್ರವರಿಯಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಗುಲ್ಮಾರ್ಗ್ ಭಾಗವನ್ನು ಹಿಮ ಸಾಲದೆ ಮಾರ್ಚಿಗೆ ಮುಂದೂಡಬೇಕಾಯಿತು. ದೇಶದಲ್ಲೇ ಹೆಚ್ಚು ನಂಬಿಕೆಯ ಜಾಗದ ಕಥೆ ಇದು.

ಔಲಿ ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿದೆ. ದೇವದಾರು, ಓಕ್ ಮರಗಳ ನಡುವೆ 2,500ರಿಂದ 3,000 ಮೀಟರಿನವರೆಗಿನ ಇಳಿಜಾರು, ಎದುರಿಗೆ ನಂದಾದೇವಿ. ಚೆಲುವಿನಲ್ಲಿ ಅದಕ್ಕೆ ಎಣೆಯಿಲ್ಲ. 2011ರಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಸ್ಕೀ ಸ್ಪರ್ಧೆಗಳು ನಡೆದದ್ದು ಅಲ್ಲಿಯೇ. ಆದರೆ ಮೂರರಲ್ಲಿ ದಕ್ಷಿಣದ ತುದಿ ಅದು. 2023ರಲ್ಲಿ ಅಲ್ಲಿನ ರಾಷ್ಟ್ರೀಯ ಸ್ಪರ್ಧೆಗಳೇ ಹಿಮವಿಲ್ಲದೆ ರದ್ದಾದವು. ಕೃತಕವಾಗಿ ಹಿಮ ಚೆಲ್ಲುವ ಯಂತ್ರಗಳಿವೆಯಲ್ಲ ಎನ್ನುವವರಿದ್ದಾರೆ. ಆ ಯಂತ್ರ ಸೂಕ್ಷ್ಮವಾದ ನೀರಿನ ಹನಿಗಳನ್ನು ಗಾಳಿಗೆ ಎರಚುತ್ತದೆ, ಅಷ್ಟೆ. ಅದನ್ನು ಹೆಪ್ಪುಗಟ್ಟಿಸುವ ಚಳಿಯನ್ನು ಆಕಾಶವೇ ಕೊಡಬೇಕು.

ಹಿಮಾಚಲ ಪ್ರದೇಶದಲ್ಲಿ ಮನಾಲಿಯ ಬಳಿಯ ಸೋಲಂಗ್ ಕಣಿವೆ, ಶಿಮ್ಲಾದ ಆಚೆಯ ನಾರ್ಕಂಡ ಇವೆ. ಎರಡೂ ಚಿಕ್ಕ ಇಳಿಜಾರುಗಳು, ಕಲಿಯುವವರಿಗೆ ಸಾಕಾಗುವಂಥವು. ಡಿಸೆಂಬರಿನಲ್ಲಿ ಹಿಮವನ್ನು ಕಣ್ಣಿನಿಂದ ನೋಡಿದರೆ ಸಾಕೆನ್ನುವವರಿಗೆ ಇನ್ನೊಂದು ದಾರಿ ತೆರೆದಿದೆ. 2020ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ, ಒಂಬತ್ತು ಕಿಲೋಮೀಟರ್ ಉದ್ದದ ಅಟಲ್ ಸುರಂಗವನ್ನು ದಾಟಿದರೆ ಲಾಹೂಲಿನ ಸಿಸ್ಸು ಸಿಗುತ್ತದೆ. ಅದು ಮೂರು ಸಾವಿರ ಮೀಟರಿಗಿಂತ ಮೇಲಿದೆ. ಕಾಶ್ಮೀರದಲ್ಲಿ 2025ರ ಜನವರಿ 13ರಂದು ತೆರೆದ ಸುರಂಗದಿಂದಾಗಿ ಸೋನಾಮಾರ್ಗಕ್ಕೂ ಚಳಿಗಾಲದಲ್ಲಿ ಹೋಗುವುದು ಸಾಧ್ಯವಾಗಿದೆ.

ಇಲ್ಲಿ ನಾನು ಎರಡು ಮಾತುಗಳನ್ನು ಬೇರ್ಪಡಿಸಬೇಕು. ಹಿಮವನ್ನು ನೋಡುವುದು ಬೇರೆ, ಹಿಮದ ಮೇಲೆ ಜಾರಲು ಕಲಿಯುವುದು ಬೇರೆ. ನೋಡುವುದಕ್ಕೆ ಒಂದು ಮಧ್ಯಾಹ್ನ ಸಾಕು. ಕಲಿಯುವುದಕ್ಕೆ? ಒಂದು ಫೆಬ್ರವರಿಯಲ್ಲಿ ಮಗ-ಸೊಸೆಯರ ಜೊತೆ ಗುಲ್ಮಾರ್ಗಿನಲ್ಲಿ ಐದು ದಿನ ಇದ್ದೆ. ಅವರು ಕಲಿಯಲು ಹೋದರೆ ನಾನು ಕಂಬಳಿ ಹೊದ್ದು ಬೆಂಚಿನ ಮೇಲೆ ಕುಳಿತು ನೋಡುತ್ತಿದ್ದೆ. ಮೊದಲ ದಿನವೆಲ್ಲ ಗುರು ಕಲಿಸಿದ್ದು ಬೀಳುವುದನ್ನು, ಬಿದ್ದಲ್ಲಿಂದ ಏಳುವುದನ್ನು. ಎರಡನೆಯ ದಿನ ನಿಲ್ಲಿಸುವ ಉಪಾಯ: ಹಲಗೆಗಳ ಮುಂತುದಿಗಳನ್ನು ಹತ್ತಿರ ತಂದು ಹಿಂತುದಿಗಳನ್ನು ಅಗಲಿಸಿದರೆ ವೇಗ ಕುಗ್ಗುತ್ತದೆ. ಆ ಭಂಗಿಗೆ ಅವರ ಪರಿಭಾಷೆಯಲ್ಲಿ ಹಿಮನೇಗಿಲು ಎಂಬ ಅರ್ಥದ ಹೆಸರಿದೆ. ಕಂಪ್ಯೂಟರಿನ ಮುಂದೆ ಕುಳಿತೇ ಹತ್ತು ವರ್ಷ ಕಳೆದ ಮೊಣಕಾಲುಗಳು ಆ ನೇಗಿಲನ್ನು ಹಿಡಿಯಲು ಒಪ್ಪಿದ್ದು ಮೂರನೆಯ ದಿನ. ತಿರುಗುವುದು ಬಂದದ್ದು ಐದನೆಯ ದಿನ ಸಂಜೆ. ಮರುದಿನ ಬೆಳಿಗ್ಗೆ ವಿಮಾನ. ಕೈಗೆ ಬಂದ ವಿದ್ಯೆ ಬಾಯಿಗೆ ಬರುವ ಮೊದಲೇ ಹೊರಟೆವು ಎಂದು ಸೊಸೆ ನಕ್ಕಳು. ಗುಲ್ಮಾರ್ಗಿನಲ್ಲಿಯೂ ಮನಾಲಿಯಲ್ಲಿಯೂ ಇರುವ ಸರ್ಕಾರಿ ಪರ್ವತಾರೋಹಣ ಸಂಸ್ಥೆಗಳು ಸ್ಕೀ ಶಿಕ್ಷಣಕ್ಕೆ ಎರಡು ವಾರಗಳ ಅವಧಿಯನ್ನಿಟ್ಟಿರುವುದು ಸುಮ್ಮನೆ ಅಲ್ಲ.

ಈ ವಿದ್ಯೆಗೂ ನಮಗೂ ಸಂಬಂಧವಿಲ್ಲ ಎಂದು ಯಾರೂ ತಿಳಿಯಬೇಕಾಗಿಲ್ಲ. 1948ರಲ್ಲಿ ಝೋಜಿ ಲಾ ಕಣಿವೆಯ ಎತ್ತರಕ್ಕೆ ಟ್ಯಾಂಕುಗಳನ್ನು ಏರಿಸಿದ ದಳಪತಿ ನಮ್ಮ ಕೊಡಗಿನ ಕೆ. ಎಸ್. ತಿಮ್ಮಯ್ಯ. ಅದೇ ವರ್ಷದ ಡಿಸೆಂಬರಿನಲ್ಲಿ ಗುಲ್ಮಾರ್ಗಿನಲ್ಲಿ ಸೈನಿಕರಿಗಾಗಿ ಒಂದು ಸ್ಕೀ ಶಾಲೆ ಆರಂಭವಾದದ್ದು ಅವರ ಆಜ್ಞೆಯಿಂದಲೇ. 1962ರಲ್ಲಿ ಅದು ಎತ್ತರ ಪ್ರದೇಶದ ಯುದ್ಧಶಾಲೆ ಎಂಬ ಹೆಸರು ಪಡೆಯಿತು. ಹಿಮ ಬೀಳದ ಮಡಿಕೇರಿಯಲ್ಲಿ ಹುಟ್ಟಿದವರು ಹಿಮದಲ್ಲಿ ಕಾಲೂರುವುದನ್ನು ಕಲಿಸುವ ಶಾಲೆ ತೆರೆದರು. ಅದೇ ಕೊಡಗಿನ ಭವಾನಿ ತೆಕ್ಕಡ ನಂಜುಂಡ 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತಾರಾಷ್ಟ್ರೀಯ ಸ್ಪರ್ಧೆಯಲ್ಲಿ ಹಿಮದ ಬಯಲೋಟಕ್ಕೆ, ಎಂದರೆ ಕ್ರಾಸ್‌ಕಂಟ್ರಿ ಸ್ಕೀಯಿಂಗಿಗೆ, ಕಂಚಿನ ಪದಕ ಪಡೆದರು. 2024ರ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಸೇನೆಯ ತಂಡದ ನಂತರ ಎರಡನೆಯ ಸ್ಥಾನ ಕರ್ನಾಟಕದ್ದು. ಇವರಾರೂ ನಾಲ್ಕು ದಿನದಲ್ಲಿ ಕಲಿತವರಲ್ಲ.

ಅಪಾಯದ ಮಾತನ್ನೂ ಹೇಳಬೇಕು. ಬೆಂಗಳೂರು ಇರುವುದು 920 ಮೀಟರಿನಲ್ಲಿ. ಬೆಳಿಗ್ಗೆ ಇಲ್ಲಿಂದ ಹೊರಟು ಮರುದಿನ ಮಧ್ಯಾಹ್ನ ನಾಲ್ಕು ಸಾವಿರ ಮೀಟರಿನ ಬಳಿ ಹೋಗಿ ನಿಂತರೆ ತಲೆನೋವು, ಓಕರಿಕೆ, ಏದುಸಿರುಗಳು ಬರುವುದು ಆಶ್ಚರ್ಯವಲ್ಲ. ವಯಸ್ಸಾದವರನ್ನೂ ಮಕ್ಕಳನ್ನೂ ಕರೆದೊಯ್ಯುವವರು ಒಂದೆರಡು ರಾತ್ರಿ ಕೆಳಗೆ ತಂಗಿ ಏರುವುದು ಲೇಸು. ಇನ್ನು ಹಿಮಕುಸಿತ. 2023ರ ಫೆಬ್ರವರಿ 1ರಂದು ಅಫರ್ವಟ್ ಇಳಿಜಾರಿನಲ್ಲಿ ಪೋಲೆಂಡಿನ ಇಬ್ಬರು ಸ್ಕೀಯಾಟಗಾರರು ಹಿಮದಡಿ ಸಿಕ್ಕಿ ಸತ್ತರು. 2024ರ ಫೆಬ್ರವರಿ 22ರಂದು ರಷ್ಯದ ಒಬ್ಬರು. ಗುರುತು ಹಾಕಿದ ಇಳಿಜಾರನ್ನು ಬಿಟ್ಟು ಹೊಸ ಹಿಮವನ್ನು ಹುಡುಕುವ ಆಸೆ ನುರಿತವರನ್ನೂ ಬಿಟ್ಟಿಲ್ಲ. ಹಿಮ ಚೆನ್ನಾಗಿ ಬಿದ್ದ ಮರುದಿನವೇ ಅಪಾಯ ಹೆಚ್ಚು ಎಂಬುದನ್ನು ನಮ್ಮ ಹುಡುಗರು ನೆನಪಿಡಬೇಕು.

ಇನ್ನೊಂದು ಭಯವೂ ಉಂಟು. ಅದನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಮಂದಿಯನ್ನು ಕೊಂದರು. ಅವರಲ್ಲಿ ನಮ್ಮ ಶಿವಮೊಗ್ಗದವರು, ಬೆಂಗಳೂರಿನವರು ಇದ್ದರು. ಆ ಕಣಿವೆಯವನೇ ಆದ ಕುದುರೆಯಾಳೊಬ್ಬನೂ ಇದ್ದ. ಅಲ್ಲಿಗೆ ಹೋಗಿ ಎಂದು ಯಾರನ್ನೂ ಒತ್ತಾಯಿಸುವ ಹಕ್ಕು ನನಗಿಲ್ಲ; ಹೋಗಬೇಡಿ ಎನ್ನುವ ಮನಸ್ಸೂ ನನಗಿಲ್ಲ. ಸರ್ಕಾರದ ಸೂಚನೆಗಳನ್ನು ತಿಳಿದು, ಮನೆಯವರ ಮನಸ್ಸನ್ನು ಕೇಳಿ ನಿಶ್ಚಯಿಸಬೇಕಾದ ವಿಷಯ ಇದು.

ಕೆಲವರು ಹೊರದೇಶದ ಕಡೆ ನೋಡುತ್ತಾರೆ. ಕಝಾಕಸ್ತಾನದ ಅಲ್ಮಾಟಿ ನಗರದ ಮಗ್ಗುಲಲ್ಲೇ ಶಿಂಬುಲಾಕ್ ಎಂಬ ಇಳಿಜಾರಿದೆ: 43 ಡಿಗ್ರಿ ಅಕ್ಷಾಂಶ, 2,260 ಮೀಟರಿನಿಂದ ಮೂರು ಸಾವಿರವನ್ನು ದಾಟುವ ಎತ್ತರ. 2022ರಿಂದ ಭಾರತೀಯರಿಗೆ 14 ದಿನಗಳವರೆಗೆ ಅಲ್ಲಿ ವೀಸಾ ಬೇಕಿಲ್ಲ. ಜಾರ್ಜಿಯದ ಗುಡೌರಿಯೂ ಇಂಥದೇ. ಉತ್ತರಕ್ಕೆ ಹೋದಷ್ಟೂ ಚಳಿಯ ಭರವಸೆ ಹೆಚ್ಚು ಎಂಬುದು ನಿಜ. ಆದರೆ ಕ್ರಿಸ್‌ಮಸ್ಸಿನ ಹೊತ್ತಿಗೆ ಆಲ್ಪ್ಸಿನ ತಗ್ಗಿನ ಹಳ್ಳಿಗಳಲ್ಲೂ ಹುಲ್ಲು ಕಾಣುವ ವರ್ಷಗಳಿವೆ. ದೇಶ ಬದಲಾಯಿಸಿದ ಮಾತ್ರಕ್ಕೆ ದಿನಾಂಕದ ಪ್ರಶ್ನೆ ಬಿಡುವುದಿಲ್ಲ.

ಕೇಳುಗ ಮಿತ್ರರೆ, ಇಷ್ಟು ಹೊತ್ತು ಹೋಗುವವರ ದೃಷ್ಟಿಯಿಂದ ಮಾತಾಡಿದೆ. ಹಿಮ ಬೀಳುವ ಊರಿನವರ ಮಾತೂ ಒಂದಿದೆ. ನಮ್ಮ ಬೀದಿಯ ತಿರುವಿನ ಸಣ್ಣ ಹೋಟೆಲಿನಲ್ಲಿ ರೊಟ್ಟಿ ಬೇಯಿಸುವ ಹುಡುಗ ಚಮೋಲಿ ಜಿಲ್ಲೆಯವನು. ಔಲಿಯ ಕೆಳಗಿನ ಹಳ್ಳಿ. ಆರು ವರ್ಷದಲ್ಲಿ ಅವನ ಕನ್ನಡ ನನ್ನ ಹಿಂದಿಗಿಂತ ಚೆನ್ನಾಗಿದೆ. ಔಲಿಗೆ ಯಾವಾಗ ಹೋಗಬೇಕಪ್ಪ ಎಂದು ಕೇಳಿದೆ. “ಮಾಘದಲ್ಲಿ ಹೋಗಿ ಬಾಬೂಜಿ” ಎಂದ. ದಿನಾಂಕ ಹೇಳಲಿಲ್ಲ, ಮಾಸ ಹೇಳಿದ. ಆಮೇಲೆ ತಾನಾಗಿಯೇ ಮುಂದುವರಿಸಿದ: “ಹಿಮ ಬಿದ್ದರೆ ನಮ್ಮ ಗೋಧಿಗೆ ಒಳ್ಳೇದು, ಸೇಬಿಗೆ ಒಳ್ಳೇದು. ಮೊದಲು ಮೊಣಕಾಲಿನವರೆಗೆ ಬರ್ತಿತ್ತು. ಈಗ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕೇ ನಾನು ಇಲ್ಲಿದೀನಿ.” ನಾವು ಬಿಡುವಿಗೆ ಹುಡುಕಿಕೊಂಡು ಹೋಗುವ ಊರನ್ನು ಅವನು ಹೊಟ್ಟೆಗಾಗಿ ಬಿಟ್ಟುಬಂದಿದ್ದಾನೆ. ಅವನ ಅಕ್ಕನ ಮನೆ ಜೋಶಿಮಠದಲ್ಲಿದೆ. ಅದರ ಗೋಡೆ ಬಿರಿದಿದೆ.

ಜೋಶಿಮಠವೆಂದರೆ ಜ್ಯೋತಿರ್ಮಠ, ಪರಂಪರೆಯ ಪ್ರಕಾರ ನಮ್ಮ ಶೃಂಗೇರಿಯಂತೆಯೇ ಶಂಕರಾಚಾರ್ಯರು ಸ್ಥಾಪಿಸಿದ ನಾಲ್ಕು ಪೀಠಗಳಲ್ಲಿ ಒಂದು. ಔಲಿಗೆ ಹೋಗುವವರು ಹಾದುಹೋಗಬೇಕಾದ ಊರು. ಆ ಊರು ನಿಂತಿರುವುದು ಹಳೆಯ ಭೂಕುಸಿತದ ರಾಶಿಯ ಮೇಲೆ, ಅಲ್ಲಿ ಭಾರವಾದ ಕಟ್ಟಡಗಳು ಸಲ್ಲವು ಎಂದು 1976ರಲ್ಲಿಯೇ ಮಿಶ್ರಾ ಸಮಿತಿ ಎಚ್ಚರಿಸಿತ್ತು. 2023ರ ಜನವರಿಯಲ್ಲಿ ಅಲ್ಲಿನ ನೂರಾರು ಮನೆಗಳು ಬಿರುಕುಬಿಟ್ಟವು. ಜನರನ್ನು ಬೇರೆಡೆಗೆ ಸಾಗಿಸಬೇಕಾಯಿತು. ಔಲಿಯ ತೂಗುಬಂಡಿಯನ್ನು ನಿಲ್ಲಿಸಿದರು. ಬಿರುಕಿಗೆ ಕಾರಣಗಳು ಹಲವು. ಸ್ಕೀಯಾಟಗಾರರೇ ಕಾರಣವೆಂದು ನಾನು ಹೇಳುವುದಿಲ್ಲ. ಆದರೆ ಒಂದೇ ವಾರದಲ್ಲಿ ಎಲ್ಲರೂ ಹೋಗಿ ತುಂಬಿಕೊಂಡರೆ ಆ ಒಂದು ವಾರಕ್ಕಾಗಿ ಇನ್ನಷ್ಟು ಕೋಣೆಗಳನ್ನು ಕಟ್ಟಬೇಕಾಗುತ್ತದೆ. ಉಳಿದ ದಿನಗಳಲ್ಲಿ ಆ ಭಾರವನ್ನು ಹೊರುವುದು ಬೆಟ್ಟ. ದಿನಾಂಕದ ಆಯ್ಕೆ ಎಂಬುದು ನಮ್ಮ ಸುಖಕ್ಕೆ ಮಾತ್ರ ಸಂಬಂಧಿಸಿದ್ದಲ್ಲ.

ಕನ್ನಡಿಗರಿಗೆ ಈ ಪಂಚಾಂಗ ಹೊಸದೂ ಅಲ್ಲ. ಕೇದಾರನಾಥದ ರಾವಲರು ಪರಂಪರೆಯಿಂದ ಕರ್ನಾಟಕದ ವೀರಶೈವ ಜಂಗಮರು. ಪ್ರತಿವರ್ಷ ದೀಪಾವಳಿ ಕಳೆದು ಯಮದ್ವಿತೀಯೆ ಬಂದಾಗ ಕೇದಾರದ ಬಾಗಿಲು ಮುಚ್ಚುತ್ತದೆ. ಉತ್ಸವಮೂರ್ತಿ ಪಲ್ಲಕ್ಕಿಯಲ್ಲಿ ಊಖೀಮಠಕ್ಕೆ ಇಳಿಯುತ್ತದೆ. ಆರು ತಿಂಗಳು ಅಲ್ಲಿಯೇ ಪೂಜೆ. ನಮ್ಮ ನಾಡಿನಿಂದ ಹೋದವರು ತಲೆತಲಾಂತರದಿಂದ ಹಿಮದ ಬರವನ್ನೂ ಹೋಗನ್ನೂ ತಿಳಿದು ಬಾಳಿದ್ದಾರೆ. ಹಿಮ ಬರುವಾಗ ದೇವರೇ ಜಾಗ ಬಿಟ್ಟುಕೊಟ್ಟು ಇಳಿದುಬರುವುದಾದರೆ, ನಾವು ನಮ್ಮ ರಜೆಯನ್ನು ನಾಲ್ಕು ವಾರ ಮುಂದೂಡುವುದು ದೊಡ್ಡ ತ್ಯಾಗವೇನಲ್ಲ.

ಹಾಗಾದರೆ ಮೇಲಿನ ಅಂತಸ್ತಿನ ದಂಪತಿಗೆ ನಾನು ಹೇಳಿದ್ದೇನು? ಹೇಳಿದ್ದನ್ನೇ ತಮಗೂ ಹೇಳಿ ಮುಗಿಸುತ್ತೇನೆ. ಡಿಸೆಂಬರ್ ಬಿಟ್ಟರೆ ಬೇರೆ ಬಿಡುವಿಲ್ಲ, ಮಗುವಿಗೆ ಫೆಬ್ರವರಿಯಲ್ಲಿ ಪರೀಕ್ಷೆಯ ಓದು ಎನ್ನುವುದಾದರೆ, ನೋಡುವುದಕ್ಕೆಂದೇ ಹೋಗಿ. ಸಿಸ್ಸುವೋ ಸೋನಾಮಾರ್ಗವೋ ಗುಲ್ಮಾರ್ಗಿನ ಮೇಲಿನ ಹಂತವೋ, ಎತ್ತರದ ಜಾಗವನ್ನು ಆರಿಸಿಕೊಳ್ಳಿ. ಕಲಿಸುವ ಮಾತನ್ನು ಆ ಪ್ರಯಾಣದ ಮೇಲೆ ಹೇರಬೇಡಿ. ಮಗು ನಿರಾಶೆಯಿಂದ ಹಿಂತಿರುಗುವುದು ಬೇಡ. ಕಲಿಯಲೇಬೇಕೆಂದಿದ್ದರೆ ಜನವರಿಯ ಕೊನೆಯ ವಾರದಿಂದ ಫೆಬ್ರವರಿಯ ಮೂರನೆಯ ವಾರದೊಳಗೆ, ಕಡಮೆಯೆಂದರೆ ಏಳು ದಿನ ಇಟ್ಟುಕೊಳ್ಳಿ. ಮೊದಲು ಗೊತ್ತುಮಾಡಬೇಕಾದ್ದು ಗುರುವನ್ನು, ಆಮೇಲೆ ಕೋಣೆಯನ್ನು, ಕೊನೆಗೆ ವಿಮಾನವನ್ನು. ನಾವು ಸಾಮಾನ್ಯವಾಗಿ ಮಾಡುವುದು ಇದರ ತಿರುಗಾಮುರುಗ. ಮೊದಲ ಸಲದವರಿಗೆ ಗುಲ್ಮಾರ್ಗ್. ಅಲ್ಲಿಗೆ ಹೋಗಲು ಮನಸ್ಸು ಒಪ್ಪದವರಿಗೆ ಸೋಲಂಗ್. ಔಲಿಗೆ ಹೋಗುವವರು ಹಿಮ ಬಿದ್ದ ಸುದ್ದಿ ತಿಳಿದ ಮೇಲೆ ಹೊರಡಿ.

ಇಷ್ಟೆಲ್ಲ ಲೆಕ್ಕ ಹಾಕಿದರೂ ಹಿಮ ಬಾರದೆ ಇರಬಹುದು. ಮುಂಗಾರು ಕೈಕೊಡುವುದನ್ನು ಕಂಡ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಅಂಥ ವರ್ಷ ಗುರುವಿಗೆ ಕೊಟ್ಟ ಮುಂಗಡವನ್ನು ಹಿಂದಕ್ಕೆ ಕೇಳಬೇಡಿ. ಸ್ಕೀ ಕಲಿಸುವವನ ದುಡಿಮೆ ವರ್ಷಕ್ಕೆ ಹತ್ತು ಹನ್ನೆರಡು ವಾರ ಮಾತ್ರ. ನಮಗೆ ತಪ್ಪಿಹೋಗುವುದು ಒಂದು ರಜೆ. ಅವನಿಗೆ ತಪ್ಪಿಹೋಗುವುದು ಒಂದು ಸುಗ್ಗಿ. ಮೇಲಿನ ಅಂತಸ್ತಿನವರು ಇನ್ನೂ ನಿಶ್ಚಯಿಸಿಲ್ಲ. ಮಗಳು ಮಾತ್ರ ಗೋಡೆಯ ಕ್ಯಾಲೆಂಡರಿನಲ್ಲಿ ಮಾಘ ಎಲ್ಲಿದೆ ಎಂದು ಹುಡುಕುತ್ತಿದ್ದಾಳಂತೆ.